ಸುಲಿದ ಕೈಯ ಕಪ್ಪು, ಅಡಿಗೆಮನೆಯ ಸಿಪ್ಪೆ

(ಸಂಘದ ಸದಸ್ಯೆಯೊಬ್ಬರು ಬರೆದದ್ದು)

ಕೊನೆಕೊಯ್ಲು ಸುರುವಾಗಿ ಎಂಟು ದಿನ ಕಳೆಯಿತೆಂದರೆ ನಮ್ಮ ಕಡೆಯ ಹೆಂಗಸರನ್ನು ಗುರುತಿಸಲು ಮುಖ ನೋಡಬೇಕಾಗಿಲ್ಲ, ಕೈ ನೋಡಿದರೆ ಸಾಕು. ಹೆಬ್ಬೆರಳು, ತೋರುಬೆರಳು, ಅಂಗೈಯ ಗೆರೆ, ಉಗುರಿನ ಸಂದು ಎಲ್ಲವೂ ಇದ್ದಿಲು ಹಿಡಿದವರ ಹಾಗೆ ಕಪ್ಪು. ಪೇಟೆಗೆ ಹೋದಾಗ ಅಂಗಡಿಯವನ ಮುಂದೆ ದುಡ್ಡು ಎಣಿಸುವಾಗ ಸೆರಗಿನ ಮರೆಯಲ್ಲಿ ಎಣಿಸಿದವರು ನಮ್ಮಲ್ಲಿ ಎಷ್ಟೋ ಮಂದಿ. ಸುಲಿಯುವ ಯಂತ್ರ ಬಂದ ಮೇಲೆ ಈ ಕಷ್ಟ ಅರ್ಧ ಕಡಿಮೆಯಾಗಿದೆ, ನಿಜ. ಆದರೆ ಎರಡು ಎರಡೂವರೆ ಎಕರೆಯ ನಮ್ಮಂಥವರ ಮನೆಯಲ್ಲಿ ಯಂತ್ರ ಬಾಡಿಗೆಗೆ ಬರುವ ಸರದಿ ಕಾಯುವಷ್ಟರಲ್ಲಿ ಕಾಯಿ ಹಣ್ಣಾಗುತ್ತದೆ. ಯಂತ್ರ ಬಂದರೂ ಅದು ಸರಿಯಾಗಿ ಸುಲಿಯದೆ ಬಿಟ್ಟ ಅಡಿಕೆಯನ್ನು ಮತ್ತೆ ಮೆಟ್ಟುಗತ್ತಿಯ ಮುಂದೆ ಕುಳಿತೇ ಬಿಡಿಸಬೇಕು. ಹೀಗಾಗಿ ಮುಯ್ಯಾಳಿನ ಸುಲಿತ ನಮ್ಮ ಕೇರಿಯಲ್ಲಿ ಇನ್ನೂ ನಿಂತಿಲ್ಲ.

ಈ ಲೇಖನ ಹುಟ್ಟಿದ್ದು ಸಂಘದ ವಾರ್ಷಿಕ ಸಭೆಯ ಊಟದ ಹೊತ್ತಿನಲ್ಲಿ. ಎಲೆಯ ಪಕ್ಕದಲ್ಲಿ ಬಿದ್ದಿದ್ದ ಬಾಳೆಹಣ್ಣಿನ ಸಿಪ್ಪೆ, ಕಿತ್ತಳೆ ಸಿಪ್ಪೆಗಳನ್ನು ನೋಡಿ ಒಬ್ಬ ಸೋದರಿ, "ಇದನ್ನೆಲ್ಲ ಮುಖಕ್ಕೆ ಹಚ್ಚಿದರೆ ಬಣ್ಣ ಬರುತ್ತದಂತೆ, ಮೊಬೈಲಿನಲ್ಲಿ ತೋರಿಸುತ್ತಾರೆ, ಹೌದೇನ್ರೀ?" ಎಂದು ಕೇಳಿದರು. ಸುತ್ತ ಕುಳಿತಿದ್ದ ಏಳೆಂಟು ಮಂದಿಯಲ್ಲಿ ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಸಿಪ್ಪೆಯ ಕಥೆಯಿತ್ತು. ನನ್ನ ಹತ್ತಿರ ಇದ್ದದ್ದು ಮಾತ್ರ ಹೇಳಿಕೊಳ್ಳಲು ಅಷ್ಟು ಸಂತೋಷದ ಕಥೆಯಲ್ಲ. ಆದರೂ ಅದನ್ನು ಬರೆದರೆ ನಾಲ್ಕು ಮನೆಗಳಿಗೆ ಉಪಯೋಗವಾದೀತೆಂದು ಎಲ್ಲರೂ ಒತ್ತಾಯ ಮಾಡಿದ್ದರಿಂದ ಬರೆಯುತ್ತಿದ್ದೇನೆ.

ಕಪ್ಪು ಎಲ್ಲಿಂದ ಬರುತ್ತದೆ?

ಹಸಿ ಅಡಿಕೆಯಲ್ಲಿ ಚೊಗರು ಇರುವುದು ನಮಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವುದು ಅದೇ. ಸುಲಿಯುವಾಗ ಈ ಚೊಗರು ಕೈಗೆ ತಾಗಿ, ಗಾಳಿಗೆ ಕಂದಾಗುತ್ತದೆ. ಆ ಕಂದು ಕಪ್ಪಾಗುವುದಕ್ಕೆ ಮುಖ್ಯ ಕಾರಣ ನಮ್ಮ ಮೆಟ್ಟುಗತ್ತಿಯ ಕಬ್ಬಿಣ. ಚೊಗರೂ ಕಬ್ಬಿಣವೂ ಸೇರಿದರೆ ಮಸಿಯಾಗುತ್ತದೆ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅಣ್ಣಭೇದಿ ಹಾಕಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ಕ್ರಿಯೆ ಸುಲಿಯುವವರ ಬೆರಳ ಮೇಲೂ ನಡೆಯುತ್ತದೆ. ಅಂದರೆ ಸುಗ್ಗಿಯ ಮೂರು ತಿಂಗಳು ನಾವು ಕೈಗೆ ಬರೆಯುವ ಮಸಿ ಬಳಿದುಕೊಂಡೇ ಓಡಾಡುತ್ತೇವೆ.

ಆದ್ದರಿಂದಲೇ ಸೋಪು ಹಾಕಿ ಎಷ್ಟು ತಿಕ್ಕಿದರೂ ಅದು ಹೋಗುವುದಿಲ್ಲ. ಸೋಪು ಜಿಡ್ಡು ತೆಗೆಯುತ್ತದೆ, ಮಸಿಯನ್ನಲ್ಲ. ಮಸಿಯಲ್ಲಿರುವ ಕಬ್ಬಿಣವನ್ನು ಬಿಡಿಸುವುದು ಹುಳಿ. ನಿಂಬೆಯ ಹುಳಿ, ಹುಣಸೆಯ ಹುಳಿ, ಮುರುಗಲ ಹುಳಿ ಎಲ್ಲವೂ ಈ ಕೆಲಸವನ್ನು ಹೆಚ್ಚು ಕಡಿಮೆ ಮಾಡುತ್ತವೆ. ಬಟ್ಟೆಯ ತುಕ್ಕಿನ ಕಲೆಗೆ ಬಿಂಬುಳಿ ಕಾಯಿ ಉಜ್ಜುವುದು ಗೊತ್ತಿದ್ದವರಿಗೆ ಇದು ಹೊಸದೇನಲ್ಲ. ಹುಳಿಯಿಂದ ಕಪ್ಪು ಹೋಗುತ್ತದೆ, ಕಂದು ಸ್ವಲ್ಪ ಉಳಿಯುತ್ತದೆ. ಆ ಕಂದು ಚರ್ಮದ ಮೇಲ್ಪದರಕ್ಕೇ ಅಂಟಿರುವುದರಿಂದ, ಮೇಲಿನ ಚರ್ಮ ಸವೆದು ಹೊಸದು ಬರುವ ತನಕ, ಅಂದರೆ ಸುಮಾರು ಒಂದು ತಿಂಗಳು, ಅದನ್ನು ಪೂರ್ತಿ ತೆಗೆಯುವ ಯಾವ ಮದ್ದೂ ಇಲ್ಲ. ತೆಗೆಯುತ್ತೇನೆಂದು ಹಟ ಹಿಡಿದು ಕಲ್ಲಿನಿಂದ ತಿಕ್ಕಿದರೆ ಬಣ್ಣದ ಜೊತೆಗೆ ಚರ್ಮವೂ ಹೋಗುತ್ತದೆ.

ನನ್ನಿಂದಾದ ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ಪಕ್ಕದ ಮನೆಯ ಹುಡುಗಿ ಕಾಲೇಜಿಗೆ ಹೋಗುತ್ತಿದ್ದಳು. ಮುಯ್ಯಾಳಿಗೆ ಅವಳ ಅಮ್ಮ ನಮ್ಮಲ್ಲಿಗೆ ಬಂದಾಗಲೆಲ್ಲ ಅವಳೂ ರಾತ್ರಿ ಊಟವಾದ ಮೇಲೆ ಬಂದು ಮೆಟ್ಟುಗತ್ತಿಯ ಮುಂದೆ ಕುಳಿತು ಹನ್ನೊಂದರ ತನಕ ಸುಲಿಯುವಳು. ಆ ಕಾರ್ತಿಕದಲ್ಲಿ ಅವಳ ಅಕ್ಕನ ಮದುವೆ ಗೊತ್ತಾಗಿತ್ತು. ಕಳಸಗಿತ್ತಿ ಇವಳೇ. ಮದುವೆಗೆ ಇನ್ನು ಆರು ದಿನ ಇದೆಯೆನ್ನುವಾಗ ಬೆಳಿಗ್ಗೆ ನಮ್ಮ ಹಿತ್ತಿಲ ಬಾಗಿಲಿಗೆ ಬಂದು ಎರಡೂ ಕೈ ಮುಂದೆ ಚಾಚಿ, "ಅತ್ತೆ, ಕಳಸ ಹಿಡಿಯುವ ಕೈ ನೋಡಿ ಹೇಗಾಗಿದೆ. ಫೋಟೋದಲ್ಲಿ ಇದೇ ಕಾಣುತ್ತದೆ" ಎಂದಳು. ಕಣ್ಣಲ್ಲಿ ನೀರಿತ್ತು.

ನಾನು ದೊಡ್ಡ ತಿಳುವಳಿಕೆಯವಳ ಹಾಗೆ ಹೇಳಿದೆ: "ಇಷ್ಟಕ್ಕೆಲ್ಲ ಅಳುತ್ತಾರೇನೇ ಪುಟ್ಟಿ? ರಸ ಹಿಂಡಿದ ನಿಂಬೆ ಸಿಪ್ಪೆ ಬೇಕಾದಷ್ಟಿದೆ. ಉಪ್ಪು ಮುಟ್ಟಿಸಿ ಚೆನ್ನಾಗಿ ಉಜ್ಜು, ಮೊಣಕೈ ತನಕ ಉಜ್ಜು." ನಿಂಬೆಯ ಉಪ್ಪಿನಕಾಯಿ ಹಾಕುವ ದಿನ ಅದು. ಸಿಪ್ಪೆಯ ರಾಶಿಯೇ ಇತ್ತು. ಅವಳು ಅರ್ಧ ಗಂಟೆ ಕುಳಿತು ಉಜ್ಜಿದಳು. ಕಪ್ಪು ಬಹಳ ಮಟ್ಟಿಗೆ ಹೋಯಿತು. ಖುಷಿಯಲ್ಲಿ ಕೈ ಸರಿಯಾಗಿ ತೊಳೆಯದೆ, ಸೀರೆಯ ತುದಿಗೆ ಒರೆಸಿಕೊಂಡು, ನನಗೆ ಸಹಾಯ ಮಾಡುತ್ತೇನೆಂದು ಚಪ್ಪರ ಹತ್ತಿ ಬೇಯಿಸಿದ ಅಡಿಕೆ ಹರಡಲು ನಿಂತಳು. ಹನ್ನೆರಡು ಗಂಟೆಯ ಬಿಸಿಲು. ಒಂದೂವರೆ ಗಂಟೆ ಅಲ್ಲೇ ಇದ್ದಳು.

ಆ ದಿನ ಏನೂ ಆಗಲಿಲ್ಲ. ಮರುದಿನ ಕೈಯೆಲ್ಲ ಉರಿ, ಕೆಂಪು. ಮೂರನೆಯ ದಿನ ಬೆರಳ ಹಿಂಭಾಗದಲ್ಲಿ, ಮುಂಗೈಯಲ್ಲಿ, ರಸ ಹರಿದ ದಾರಿಯಲ್ಲೇ ಗೆರೆಗೆರೆಯಾಗಿ ನೀರು ತುಂಬಿದ ಬೊಕ್ಕೆ ಎದ್ದವು. ಒಬ್ಬರು ಬಿಸಿನೀರು ಬಿದ್ದಿರಬೇಕೆಂದರು. ಇನ್ನೊಬ್ಬರು ಸರ್ಪಸುತ್ತೆಂದು ಹೇಳಿ ಮಂತ್ರಿಸುವವರ ಹತ್ತಿರ ಕಳಿಸಿದರು. ಅಡಿಕೆಯ ಚೊಗರೇ ವಿಷವಾಯಿತೆಂದು ಮತ್ತೊಬ್ಬರು. ಪೇಟೆಯ ವೈದ್ಯರೊಬ್ಬರು ಮಾತ್ರ ಗೆರೆಗಳನ್ನು ನೋಡಿದವರೇ ಮೊದಲು ಕೇಳಿದ್ದು, "ನಿಂಬೆಹಣ್ಣು ಮುಟ್ಟಿ ಬಿಸಿಲಿಗೆ ಹೋಗಿದ್ದೆಯಾ ಅಮ್ಮ?" ಎಂದು. ನನಗೆ ನಿಂತ ನೆಲ ಕುಸಿದ ಹಾಗಾಯಿತು.

ಅವರು ವಿವರಿಸಿದ್ದು ಹೀಗೆ. ನಿಂಬೆಯ ಜಾತಿಯ ಕೆಲವು ಹಣ್ಣುಗಳಲ್ಲಿ ಚರ್ಮದ ಮೇಲೆ ಕುಳಿತು ಸೂರ್ಯನ ಅತಿನೇರಳೆ ಕಿರಣಕ್ಕಾಗಿ ಕಾಯುವ ಒಂದು ಬಗೆಯ ವಸ್ತುಗಳಿವೆ. ಬರಿಯ ನಿಂಬೆಯಿಂದ ಸುಡುವುದಿಲ್ಲ, ಬರಿಯ ಬಿಸಿಲಿನಿಂದಲೂ ಅಷ್ಟು ಸುಡುವುದಿಲ್ಲ. ಎರಡೂ ಸೇರಿದರೆ ಬೆಂಕಿ ತಾಗಿದ ಹಾಗೆ ಸುಡುತ್ತದೆ. ಅದೂ ಕೂಡಲೇ ಅಲ್ಲ, ಒಂದೆರಡು ದಿನ ಕಳೆದು ಏಳುವುದರಿಂದ ಯಾರಿಗೂ ನಿಂಬೆಯ ಮೇಲೆ ಸಂಶಯವೇ ಬರುವುದಿಲ್ಲ. ಈ ವಸ್ತು ರಸಕ್ಕಿಂತ ಸಿಪ್ಪೆಯಲ್ಲಿ ಅನೇಕ ಪಟ್ಟು ಹೆಚ್ಚು. ತೊನ್ನಿಗೆ ಬಾವಂಚಿ ಬೀಜ ಹಚ್ಚಿ ಎಳೆಬಿಸಿಲು ಕಾಯಿಸುವ ಚಿಕಿತ್ಸೆ ಆಯುರ್ವೇದದಲ್ಲಿ ಇರುವುದು ನಮಗೆ ಗೊತ್ತು. ಚರ್ಮಕ್ಕೆ ಬಣ್ಣ ಬರಿಸುವ ಬಾವಂಚಿಯ ಗುಣ ಕೂಡಾ ಇದೇ ಗುಂಪಿನ ವಸ್ತುವಿನದು. ಅಳತೆ ತಿಳಿದ ವೈದ್ಯನ ಕೈಯಲ್ಲಿ ಅದು ಮದ್ದು. ನನ್ನಂಥವಳ ಬಾಯಿಂದ ಬಂದಾಗ ಸುಟ್ಟ ಗಾಯ.

ಮದುವೆಯಲ್ಲಿ ಕಳಸ ಹಿಡಿದದ್ದು ಅವಳ ಚಿಕ್ಕಪ್ಪನ ಮಗಳು. ಬೊಕ್ಕೆ ಹದಿನೈದು ದಿನದಲ್ಲಿ ಒಣಗಿತು. ಆದರೆ ಗೆರೆಯ ಕಪ್ಪು ಯುಗಾದಿಯ ತನಕ ಇತ್ತು. ಅಡಿಕೆಯ ಕಪ್ಪಾಗಿದ್ದರೆ ಅಷ್ಟರೊಳಗೆ ಎರಡು ಸಲ ಹೋಗಿ ಮುಗಿದಿರುತ್ತಿತ್ತು. ಅವಳ ತಾಯಿ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಆದ್ದರಿಂದ ನಿಂಬೆ, ಗಜನಿಂಬೆ, ಹೇರಳೆ ಇವುಗಳ ಸಿಪ್ಪೆಯನ್ನು ಕೈಗಾಗಲಿ ಮುಖಕ್ಕಾಗಲಿ ಹಗಲು ಹೊತ್ತಿನಲ್ಲಿ ಮುಟ್ಟಿಸಲೇಬೇಡಿ. ಮುಖದ ಕಲೆಗೆ ನಿಂಬೆ ಸಿಪ್ಪೆ ಉಜ್ಜಿ ಎಂದು ಹೇಳುವವರು ಇಂದೂ ಬಹಳ ಮಂದಿ ಇದ್ದಾರೆ. ಕಲೆ ಹೋಗುವ ಬದಲು ಕಲೆ ಬರುವ ದಾರಿ ಅದು. ಉಪ್ಪಿನಕಾಯಿಗೆ, ಪಾನಕಕ್ಕೆ ನಿಂಬೆ ಹಿಂಡಿದ ದಿನ ಅಂಗಳದ ಕೆಲಸಕ್ಕೆ ಇಳಿಯುವ ಮೊದಲು ಸೋಪು ಹಾಕಿ ಮೊಣಕೈ ತನಕ ತೊಳೆದುಕೊಳ್ಳಿ. ಮಕ್ಕಳ ಕೈಯನ್ನೂ ತೊಳೆಸಿ. ಅವರ ಚರ್ಮ ನಮ್ಮದಕ್ಕಿಂತ ಎಳೆಯದು.

ಈಗ ನಾವು ಮಾಡುವ ಕ್ರಮ

ಮೊದಲನೆಯದು, ಕರೆ ಹಿಡಿಯದ ಹಾಗೆ ನೋಡಿಕೊಳ್ಳುವುದು. ಹಲಸಿನಹಣ್ಣು ಬಿಡಿಸುವ ಮೊದಲು ಕೈಗೆ ಕೊಬ್ಬರಿ ಎಣ್ಣೆ ಸವರುವ ಬುದ್ಧಿ ನಮಗೆಲ್ಲ ಇದೆ. ಅಡಿಕೆ ಸುಲಿಯುವಾಗ ಮಾತ್ರ ಅದು ಯಾಕೋ ಮರೆತುಹೋಗುತ್ತದೆ. ಕೈ ಜಾರಿ ಕತ್ತಿ ತಾಗೀತೆಂಬ ಹೆದರಿಕೆ ಇದ್ದೇ ಇದೆ. ಆದ್ದರಿಂದ ಎಣ್ಣೆ ಹಚ್ಚಿ ಐದು ನಿಮಿಷ ಬಿಟ್ಟು, ಅಂಗೈಯನ್ನು ಒಣ ಬಟ್ಟೆಯಲ್ಲಿ ಒರೆಸಿ ಕೂರಬೇಕು. ಉಗುರಿನ ಸಂದಿಯಲ್ಲಿ ಎಣ್ಣೆ ನಿಂತರೆ ಸಾಕು. ಮುಕ್ಕಾಲು ಪಾಲು ಕರೆ ಕಾಣುವುದು ಅಲ್ಲೇ ತಾನೆ.

ಎರಡನೆಯದಕ್ಕೆ ಮುರುಗಲ ಸಿಪ್ಪೆ. ಏಪ್ರಿಲ್ ಮೇ ತಿಂಗಳಲ್ಲಿ ಹಣ್ಣಾಗುವ ಮುರುಗಲನ್ನು ನಾವು ಸಾರಿಗೆ, ಪಾನಕಕ್ಕೆ ಒಣಗಿಸಿ ಭರಣಿಯಲ್ಲಿಟ್ಟಿರುತ್ತೇವೆ. ಅದರಲ್ಲಿ ಚೂರಾದದ್ದು, ಹಳತಾಗಿ ಸಾರಿಗೆ ಆಗದ್ದು ಇರುತ್ತದಲ್ಲ, ಅದನ್ನು ಸುಗ್ಗಿಗೆಂದು ಬೇರೆ ಇಡಿ. ಒಂದು ಹಿಡಿ ಒಣ ಸಿಪ್ಪೆಯನ್ನು ಸಂಜೆ ಎರಡು ಲೋಟ ಬಿಸಿನೀರಿನಲ್ಲಿ ನೆನೆಹಾಕಿದರೆ ಸುಲಿತ ಮುಗಿಯುವ ಹೊತ್ತಿಗೆ ಮೆತ್ತಗಾಗಿರುತ್ತದೆ. ಆ ಸಿಪ್ಪೆಯಿಂದಲೇ ಬೆರಳು, ಉಗುರುಸಂದು ಉಜ್ಜಿ, ನೀರಿನಲ್ಲಿ ಐದು ನಿಮಿಷ ಕೈ ಅದ್ದಿಟ್ಟು, ಆಮೇಲೆ ಸೋಪಿನಲ್ಲಿ ತೊಳೆದು ಎಣ್ಣೆ ಹಚ್ಚಿ ಮಲಗಿಬಿಡುವುದು. ಮುರುಗಲ ಕೆಂಪು ಕೈಗೆ ಹಿಡಿಯುತ್ತದೆಂದು ಹೆದರಬೇಡಿ, ಎರಡು ತೊಳೆತಕ್ಕೆ ಹೋಗುತ್ತದೆ. ಮುರುಗಲಿಲ್ಲದವರು ಹುಣಸೆಹಣ್ಣು ಕಿವುಚಿದ ಮೇಲೆ ಉಳಿಯುವ ನಾರು ಜೊಂಡನ್ನು ಇದೇ ರೀತಿ ಉಪಯೋಗಿಸಬಹುದು. ಹುಣಸೆಯ ಹುಳಿಯೇ ಬೇರೆ, ನಿಂಬೆಯ ಆ ಬಿಸಿಲುಗಾಯದ ತೊಂದರೆ ಅದಕ್ಕಿಲ್ಲ. ಹುಳಿನೀರನ್ನು ತಾಮ್ರ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬೇಡಿ. ಪಿಂಗಾಣಿಯೋ ಸ್ಟೀಲೋ ಆಗಲಿ. ಕತ್ತಿ ತಾಗಿದ ಗಾಯವಿದ್ದರೆ ಆ ಬೆರಳನ್ನು ಬಿಟ್ಟುಬಿಡಿ. ಗಾಯಕ್ಕಿಂತ ಕಪ್ಪೇ ವಾಸಿ.

ಸಿಪ್ಪೆ ತೆಗೆದ ಮೇಲೆ ಉಳಿಯುವ ಮುರುಗಲ ಬೀಜವನ್ನೂ ಎಸೆಯಬಾರದು. ಅದರಿಂದ ತೆಗೆಯುವ ತುಪ್ಪ ನಮ್ಮ ಅಜ್ಜಿಯಂದಿರ ಕಾಲಿನ ಒಡಕಿಗೆ ಏಕಮಾತ್ರ ಮದ್ದಾಗಿತ್ತು. ತಣ್ಣಗಿರುವಾಗ ಮೇಣದ ಹಾಗೆ ಗಟ್ಟಿ, ಮೈಯ ಬಿಸಿಗೆ ಕರಗಲು ತೊಡಗುತ್ತದೆ. ರಾತ್ರಿ ಕಾಲು ತೊಳೆದು ಒರೆಸಿ, ಸ್ವಲ್ಪ ಕರಗಿಸಿ ಹಿಮ್ಮಡಿಯ ಬಿರುಕಿಗೆ ತುಂಬಿ, ಹಳೆಯ ಬಟ್ಟೆ ಸುತ್ತಿ ಮಲಗಿದರೆ ವಾರದಲ್ಲಿ ನಡೆಯುವಾಗಿನ ನೋವು ಇಳಿಯುತ್ತದೆ. ಇದು ಸಿಪ್ಪೆಯ ವಿಷಯವಲ್ಲ, ಆದರೆ ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಕಿತ್ತಳೆ ಸಿಪ್ಪೆಯ ಸ್ನಾನದ ಪುಡಿ

ನಿಂಬೆಯ ಕಥೆ ಕೇಳಿ ಕಿತ್ತಳೆಯನ್ನೂ ದೂರ ಮಾಡಬೇಕಾಗಿಲ್ಲ. ಸುಲಭವಾಗಿ ಸಿಪ್ಪೆ ಬಿಡುವ ನಮ್ಮ ಕೊಡಗಿನ ಜಾತಿಯ ಕಿತ್ತಳೆಯಲ್ಲಿ ಆ ಸುಡುವ ವಸ್ತು ಬಹಳ ಕಡಿಮೆ. ಒಂದು ಕಾಲದಲ್ಲಿ ಕಾಫಿ ತೋಟದಲ್ಲಿ ಕಿತ್ತಳೆ ಇಲ್ಲದ ಮನೆಯೇ ಇರಲಿಲ್ಲ. ರೋಗಗಳು ಬಂದು ಗಿಡಗಳು ಒಂದೊಂದಾಗಿ ಒಣಗಿಹೋದದ್ದನ್ನು ನಾವೆಲ್ಲ ಕಣ್ಣಾರೆ ನೋಡಿದವರು. ಕೊಡಗಿನ ಕಿತ್ತಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಅದರ ಮೇಲೆ ಕೆಲಸವೂ ನಡೆದಿದೆ. ಗಿಡಗಳು ಮಾತ್ರ ಹಿಂದಿನಷ್ಟಿಲ್ಲ. ಇದ್ದ ನಾಲ್ಕು ಗಿಡದ ಹಣ್ಣಿನ ಸಿಪ್ಪೆಯಾದರೂ ಗುಂಡಿಗೆ ಹೋಗದಿರಲಿ.

ಸಿಪ್ಪೆಯನ್ನು ತೊಳೆದು, ನೀರು ಆರಿಸಿ, ಚಿಕ್ಕ ಚೂರು ಮಾಡಿ ಮೊರದಲ್ಲಿ ನೆರಳಿಗೆ ಹರಡಬೇಕು. ಅಡಿಕೆಯ ಚಪ್ಪರದ ಮೇಲೆ ಹಾಕಿದರೆ ಬೇಗ ಒಣಗುತ್ತದೆ, ಆದರೆ ಅಷ್ಟೇ ಬೇಗ ಪರಿಮಳವೂ ಹೋಗುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಹೊಗೆ ವಾಸನೆ ಹಿಡಿಯುತ್ತದೆ. ಗಾಳಿಯಾಡುವ ಜಗುಲಿಯಲ್ಲಿ ನಾಲ್ಕೈದು ದಿನ ಬಿಟ್ಟು, ಮುರಿದರೆ ಚಟ್ಟೆಂದು ಸದ್ದು ಬರುವ ಹಾಗಾದ ಮೇಲೆ ಪುಡಿ ಮಾಡಿ. ಒಂದು ಕಿಲೋ ಹಣ್ಣಿನ ಸಿಪ್ಪೆಯಿಂದ ನನಗೆ ಸಿಕ್ಕಿದ್ದು ಸುಮಾರು 50 ಗ್ರಾಂ ಪುಡಿ. ಇದನ್ನು ತೆಳುವಾದ ಪಂಚೆಯ ಬಟ್ಟೆಯಲ್ಲಿ ಸೋಸಲೇಬೇಕು. ಸೋಸದೆ ಹಚ್ಚಿದರೆ ತರಿ ಮುಖವನ್ನು ಗೀರುತ್ತದೆ. ಒಂದು ಪಾಲು ಸಿಪ್ಪೆಯ ಪುಡಿಗೆ ನಾಲ್ಕು ಪಾಲು ಹೆಸರುಕಾಳಿನ ಹಿಟ್ಟು ಅಥವಾ ಕಡಲೆಹಿಟ್ಟು ಬೆರೆಸಿ ಗಾಜಿನ ಸೀಸೆಯಲ್ಲಿಡಿ. ಎಣ್ಣೆನೀರಿನ ದಿನ ಮೈಗೆ ಸೋಪಿನ ಬದಲು ಇದು ಬಹಳ ಹಿತ. ಜಿಡ್ಡು ಹೋಗುತ್ತದೆ, ಆದರೆ ಚರ್ಮ ಬಿರಿಯುವುದಿಲ್ಲ.

ಮೊದಲ ಸಲ ಹಚ್ಚುವವರು ಮೊಣಕೈಯ ಒಳಮೈಗೆ ಚೂರು ಹಚ್ಚಿ ಒಂದು ದಿನ ಕಾದು ನೋಡಿ. ಇನ್ನೊಂದು ಎಚ್ಚರಿಕೆ: ಕಿತ್ತಳೆಯ ಪರಿಮಳಕ್ಕೆ ಕಾರಣವಾದ ಎಣ್ಣೆ ಗಾಳಿ ತಾಗಿ ಹಳತಾದರೆ ತುರಿಕೆ ಎಬ್ಬಿಸಬಲ್ಲದು. ಆದ್ದರಿಂದ ಪುಡಿಯ ವಾಸನೆ ಕೆಟ್ಟರೆ, ಮಳೆಗಾಲದ ತಂಪಿಗೆ ಮುದ್ದೆ ಕಟ್ಟಿದರೆ ಅಥವಾ ಬೂಷ್ಟು ಕಂಡರೆ ಅದನ್ನು ಗೊಬ್ಬರಕ್ಕೆ ಹಾಕಿಬಿಡಿ. ಒಂದು ತಿಂಗಳಿಗೆ ಬೇಕಾದಷ್ಟೇ ಪುಡಿ ಮಾಡಿಕೊಳ್ಳುವುದು ಜಾಣತನ.

ಇದರಿಂದ ಬಿಳಿಯಾಗುತ್ತೇವೆಯೇ ಎಂದು ಕೇಳುವವರಿಗೆ ನನ್ನ ಉತ್ತರ, ಇಲ್ಲ. ಯಾವ ಸಿಪ್ಪೆಯೂ ಹುಟ್ಟಿದ ಬಣ್ಣವನ್ನು ಬದಲಿಸುವುದಿಲ್ಲ, ಬದಲಿಸಬೇಕಾದ ಅಗತ್ಯವೂ ಇಲ್ಲ. ಮೈ ಶುದ್ಧವಾಗುತ್ತದೆ, ನುಣುಪಾಗುತ್ತದೆ, ಸ್ನಾನದ ಮನೆ ಘಮಘಮವೆನ್ನುತ್ತದೆ. ಇಷ್ಟು ಸಾಲದೆ?

ಅಂದಹಾಗೆ, ಕಿತ್ತಳೆ ಸಿಪ್ಪೆಯ ಗೊಜ್ಜು, ಹೀರೆಕಾಯಿ ಸಿಪ್ಪೆಯ ಚಟ್ನಿ ಇವೆರಡರ ಮುಂದೆ ಯಾವ ಸೌಂದರ್ಯ ಸಾಧನವೂ ನಿಲ್ಲಲಾರದೆಂಬುದು ನಮ್ಮ ಯಜಮಾನರ ಅಭಿಪ್ರಾಯ. ಎಳೆಯ ಸಿಪ್ಪೆ ಮೊದಲು ಹೊಟ್ಟೆಗೆ, ಉಳಿದದ್ದು ಮೈಗೆ. ಹೀರೆಕಾಯಿ ಬಲಿತು ಗಿಡದಲ್ಲೇ ಒಣಗಿದರೆ ಸಿಪ್ಪೆ ಸುಲಿದು ಬೀಜ ಕೊಡವಿ ಒಳಗಿನ ಬಲೆಯನ್ನು ಮೈ ತಿಕ್ಕಲು ಇಟ್ಟುಕೊಳ್ಳಿ. ಪೇಟೆಯಲ್ಲಿ ಅದಕ್ಕೇ ದುಡ್ಡು ಕೊಡುತ್ತಾರೆ.

ಸೋಪಿಗಿಂತ ಮೊದಲಿನ ಸಿಪ್ಪೆ

ನಾವು ಸಿಪ್ಪೆಯೆಂದು ಯೋಚಿಸದೆಯೇ ತಲೆತಲಾಂತರದಿಂದ ಉಪಯೋಗಿಸಿದ ಒಂದು ಸಿಪ್ಪೆಯಿದೆ, ಅದೇ ಅಂಟುವಾಳ. ನೊರೆ ಕೊಡುವುದು ಅದರ ಕಪ್ಪು ಬೀಜವಲ್ಲ, ಹೊರಗಿನ ಸುಕ್ಕುಗಟ್ಟಿದ ಸಿಪ್ಪೆ. ಬೀಜ ತೆಗೆದ ಹತ್ತು ಹನ್ನೆರಡು ಕಾಯಿಯ ಸಿಪ್ಪೆಯನ್ನು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಕಿವುಚಿ, ಬಟ್ಟೆಯಲ್ಲಿ ಸೋಸಿದರೆ ಒಬ್ಬರ ತಲೆಗೆ ಧಾರಾಳ. ನೀರು ತುಂಬುವ ಹಬ್ಬದ ಮರುದಿನದ ಎಣ್ಣೆಸ್ನಾನಕ್ಕೆ ನಮ್ಮತ್ತೆಯವರು ಸೀಗೆಪುಡಿಯ ಜೊತೆಗೆ ಇದನ್ನೂ ಸೇರಿಸುತ್ತಿದ್ದರು. ಸೀಗೆ ಕೂದಲಿಗೆ ನಯ, ಅಂಟುವಾಳ ಜಿಡ್ಡಿಗೆ ಬಿರುಸು. ಕೂದಲು ಒಣಕಲಾಗಿರುವವರು ಅಂಟುವಾಳವನ್ನು ಕಡಿಮೆ ಮಾಡಿ ದಾಸವಾಳದ ಸೊಪ್ಪಿನ ಲೋಳೆ ಸೇರಿಸಿಕೊಳ್ಳುವುದು ಒಳ್ಳೆಯದು. ಕಣ್ಣಿಗೆ ಬಿದ್ದರೆ ಬಹಳ ಉರಿ, ಮಕ್ಕಳಿಗೆ ಹಾಕುವಾಗ ಜೋಪಾನ. ಈ ನೊರೆನೀರು ಮೀನಿಗೆ ವಿಷ. ಹಳ್ಳದ ಬದಿಯಲ್ಲಿ ಕುಳಿತು ತಲೆ ತೊಳೆಯುವವರು ನೀರನ್ನು ಹಳ್ಳಕ್ಕೆ ಬಿಡದೆ ದಂಡೆಯ ಮಣ್ಣಿಗೆ ಚೆಲ್ಲಿ.

ಉಳಿದ ಸಿಪ್ಪೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೌತೆಕಾಯಿಯ ಸಿಪ್ಪೆ ಮುಖಕ್ಕೆ ತಂಪು, ಏಕೆಂದರೆ ಅದರಲ್ಲಿರುವುದು ಹೆಚ್ಚಾಗಿ ನೀರೇ. ಸುಲಿತದ ರಾತ್ರಿ ನಿದ್ದೆಗೆಟ್ಟ ಕಣ್ಣಿನ ಮೇಲೆ ಹತ್ತು ನಿಮಿಷ ಇಟ್ಟರೆ ಹಾಯೆನಿಸುತ್ತದೆ. ಬಾಳೆಹಣ್ಣಿನ ಸಿಪ್ಪೆಯ ಒಳಮೈ ಉಜ್ಜಿದರೆ ಚರ್ಮ ಮೆತ್ತಗಾದ ಹಾಗೆ ಅನಿಸುವುದುಂಟು. ಅಪಾಯವಿಲ್ಲ, ಪವಾಡವೂ ಇಲ್ಲ. ಪಪ್ಪಾಯಿಯ ವಿಷಯದಲ್ಲಿ ಜಾಗ್ರತೆ: ಪೂರ್ತಿ ಹಣ್ಣಾದದ್ದರ ಸಿಪ್ಪೆಯ ಒಳಭಾಗವನ್ನು ಐದು ನಿಮಿಷ ಹಚ್ಚಿ ತೊಳೆದರೆ ಮೇಲಿನ ಒಣ ಪದರ ಬಿಡುತ್ತದೆ. ಆದರೆ ಕಾಯಿ ಪಪ್ಪಾಯಿಯ ಹಾಲು ಮಾಂಸವನ್ನೇ ಮೆತ್ತಗೆ ಮಾಡುವಂಥದ್ದು, ಮುಖದ ಹತ್ತಿರ ತರಬೇಡಿ.

ಕಾಫಿಯವರು ನಮ್ಮ ಹಣ್ಣಿನ ಸಿಪ್ಪೆ ಆಗದೇ ಎಂದು ಕೇಳಬಹುದು. ಪಲ್ಪರಿನಿಂದ ಬೀಳುವ ಸಿಪ್ಪೆಯಲ್ಲಿ ಸಕ್ಕರೆಯೂ ಲೋಳೆಯೂ ಇರುವುದರಿಂದ ಕೆಲವೇ ಗಂಟೆಗಳಲ್ಲಿ ಹುಳಿತು ನೊಣ ಮುತ್ತುತ್ತದೆ. ಅದರಲ್ಲಿ ದಿನವಿಡೀ ಕೈಯಾಡಿಸಿದವರಿಗೆ ಕೈ ತುರಿಸುವುದು ಗೊತ್ತೇ ಇದೆ. ಅದು ಗೊಬ್ಬರದ ಗುಂಡಿಗೇ ಸರಿ. ಕಾಫಿ ಸೋಸಿ ಉಳಿದ ಗಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ. ಮೀನು ಹೆಚ್ಚಿದ, ಬೆಳ್ಳುಳ್ಳಿ ಸುಲಿದ ಕೈಗೆ ಉಜ್ಜಿದರೆ ವಾಸನೆ ಹೋಗುತ್ತದೆ, ಹಿಮ್ಮಡಿಗೂ ಉಜ್ಜಬಹುದು. ಮುಖಕ್ಕೆ ಬೇಡ, ತರಿ ಜಾಸ್ತಿ.

ಮೈಲುತುತ್ತದ ನೀಲಿ

ಸಿಪ್ಪೆ ನಮ್ಮದೇ ತೋಟದ್ದು, ಅದರಲ್ಲೇನು ಭಯ ಎನ್ನುವವರು ಒಂದು ಮಾತು ನೆನಪಿಡಬೇಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ನಾವು ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಇರುತ್ತದೆ. ಕೊನೆಗೆ ಹೊಡೆದದ್ದು ಕೊನೆಯಲ್ಲೇ ನಿಲ್ಲುವುದಿಲ್ಲ. ಮರದ ಬುಡದ ಬಾಳೆ, ಕಿತ್ತಳೆ, ನಿಂಬೆಯ ಮೇಲೆಲ್ಲ ನೀಲಿ ಹನಿ ಒಣಗಿ ಕೂತಿರುವುದನ್ನು ನೀವೂ ನೋಡಿದ್ದೀರಿ. ನಾವು ಹಣ್ಣು ತಿನ್ನುವಾಗ ಸಿಪ್ಪೆ ಎಸೆಯುವುದರಿಂದ ಅದರ ಯೋಚನೆ ಇರುವುದಿಲ್ಲ. ಸಿಪ್ಪೆಯನ್ನೇ ಮುಖಕ್ಕೆ ಹಚ್ಚುವಾಗ ಯೋಚನೆ ಮಾಡಲೇಬೇಕು. ಹಾಗೆಯೇ ಕೀಟನಾಶಕ ಹೊಡೆದ ಗಿಡದ ಸಿಪ್ಪೆಯನ್ನು ಆ ವರ್ಷ ಗೊಜ್ಜಿಗೂ ಪುಡಿಗೂ ತೆಗೆದುಕೊಳ್ಳದಿರುವುದೇ ಕ್ಷೇಮ. ಪೇಟೆಯಲ್ಲಿ ಸಿಗುವ ದೂರದೂರಿನ ಕಿತ್ತಳೆ ಹೊಳೆಯುವುದಕ್ಕೆ ಮೇಣ, ಕೊಳೆಯದಿರುವುದಕ್ಕೆ ಔಷಧಿ ಹಚ್ಚಿರುವುದುಂಟು. ಅದರ ಸಿಪ್ಪೆಯಿಂದ ಪುಡಿ ಮಾಡಬೇಡಿ. ಹಿತ್ತಿಲಲ್ಲಿ ಅಡಿಕೆಯ ನೆರಳಿನಿಂದ ಆಚೆ ಒಂದು ಕಿತ್ತಳೆ ಗಿಡವನ್ನು ಮನೆಯ ಉಪಯೋಗಕ್ಕೆಂದೇ ಏನೂ ಹೊಡೆಯದೆ ಉಳಿಸಿಕೊಳ್ಳಬಹುದು. ನಾವು ಈಗ ಹಾಗೆ ಮಾಡಿದ್ದೇವೆ.

ನಮ್ಮ ಮಹಿಳಾ ಸಂಘದವರು ಕಿತ್ತಳೆ ಪುಡಿಯನ್ನು ಪ್ಯಾಕೆಟ್ ಮಾಡಿ ಮಾರೋಣವೇ ಎಂದು ಕೇಳಿದರು. ಮಾರಬಹುದು, ಆದರೆ ಮುಖಕ್ಕೆ ಮೈಗೆ ಹಚ್ಚುವ ವಸ್ತುವನ್ನು ತಯಾರಿಸಿ ಮಾರಲು 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆ, 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಪರವಾನಗಿ ಬೇಕು. ಮನೆಮಂದಿಗೆ ಮಾಡಿಕೊಳ್ಳುವುದಕ್ಕೆ ಇದಾವುದೂ ಬೇಡ. ಒಣಗಿದ ಸಿಪ್ಪೆಯನ್ನು ಹಾಗೆಯೇ ಕೊಳ್ಳುವ ಪರವಾನಗಿದಾರರು ಸಿಕ್ಕರೆ ಸಂಘದ ಮೂಲಕ ಒಟ್ಟುಗೂಡಿಸಿ ಕೊಡುವುದು ಸಣ್ಣವರಿಗೆ ಹೆಚ್ಚು ಅನುಕೂಲವೆಂದು ನನಗೆ ತೋರುತ್ತದೆ. ಮುಂದಿನ ಸಭೆಯಲ್ಲಿ ಇದನ್ನು ಚರ್ಚಿಸಬಹುದು.

ಈ ಸಲದ ಸುಲಿತಕ್ಕೆ ಆ ಹುಡುಗಿ ಬಂದಿದ್ದಳು. ಈಗ ಮದುವೆಯಾಗಿ ಶಿವಮೊಗ್ಗೆಯಲ್ಲಿದ್ದಾಳೆ, ತವರಿಗೆ ಬಂದವಳು ಅಮ್ಮನ ಜೊತೆ ನಮ್ಮಲ್ಲಿಗೂ ಬಂದು ಎರಡು ರಾತ್ರಿ ಕುಳಿತಳು. ಮೆಟ್ಟುಗತ್ತಿಗಳ ಸಾಲಿನ ತುದಿಯಲ್ಲಿ ಎಣ್ಣೆಯ ಬಟ್ಟಲು, ಮುರುಗಲ ನೀರಿನ ಭರಣಿ ಇಟ್ಟಿದ್ದೆ. ಕೈ ಅದ್ದುವ ಮೊದಲು, "ಇದರಲ್ಲಿ ನಿಂಬೆ ಹಾಕಿಲ್ಲ ತಾನೆ ಅತ್ತೆ?" ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನು ಭರಣಿಯೊಳಗಿನ ಸಿಪ್ಪೆಯನ್ನು ಎತ್ತಿ ತೋರಿಸಿದೆ.

ಕರೆಗೆ, ಕಾಲೊಡಕಿಗೆ, ತಲೆಗೆ ನಿಮ್ಮ ಮನೆಯಲ್ಲಿ ನಡೆದುಬಂದ ಕ್ರಮಗಳಿದ್ದರೆ ಪತ್ರಿಕೆಗೆ ಬರೆದು ತಿಳಿಸಬೇಕಾಗಿ ವಿನಂತಿ. ಯಾವುದರಿಂದಾದರೂ ತೊಂದರೆಯಾದದ್ದಿದ್ದರೆ ಅದನ್ನು ಮೊದಲು ಬರೆಯಿರಿ.